ಬಲಗೈಯ ಬ್ರೇಕ್

2016 ಮಾರ್ಚ್ 12, ಶನಿವಾರ
ನಾನ್‌ಶಾನ್ ಆರೋಗ್ಯ ಕೇಂದ್ರ

ಅಪ್ಪನಿಗೆ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಫೋನ್ ಕುಕ್ಕಿದ ವಿಚಾರ. ನಾನು ಮಾತಾಡುತ್ತಿರುವಾಗಲೇ ನೀವು ಹೀಗೆ ಕುಕ್ಕುವುದು ಹೊಸದೇನಲ್ಲ. ಕಾಗದವನ್ನಾದರೆ ಕುಕ್ಕಲು ಬರುವುದಿಲ್ಲ. ಹರಿದು ಹಾಕಿದರೂ ಮೊದಲು ಓದಿಯೇ ಹರಿಯುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ? ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೇಳಿದ್ದು ಆಕಾಶವನ್ನೇನಲ್ಲ. ಈ ಬೆಟ್ಟಕ್ಕೆ ನರ್ಸ್ ಆಗಿ ಬಂದಮೇಲೆ ದಿನಾ ಸ್ಕೂಟರಿನಲ್ಲೇ ಮನೆಮನೆ ತಿರುಗಬೇಕು. ರಸ್ತೆ ಒಣಗಿದ್ದನ್ನು ನೋಡಿದ ನೆನಪೇ ಇಲ್ಲ. ಮಳೆ ಇಲ್ಲದಿದ್ದರೆ ಮಂಜು. ಕೋಸು ತುಂಬಿದ ಟ್ರಕ್ಕುಗಳು ತಿರುವು ತಿರುವಿನಲ್ಲೂ ಎಲೆ ಉದುರಿಸಿಕೊಂಡು ಹೋಗುತ್ತವೆ. ಒದ್ದೆ ಕೋಸಿನೆಲೆಯ ಮೇಲೆ ಚಕ್ರ ಹತ್ತಿದರೆ ಏನಾಗುತ್ತದೆಂದು ನಾನು ಬೈಕ್ ಅಂಗಡಿ ಇಟ್ಟವರಿಗೆ ಹೇಳಬೇಕೇ? ಕಾಲೇಜಿಗೆಂದು ನೀವು ಕೊಟ್ಟ ಹಳೇ ಸ್ಕೂಟರ್ ಏರು ಬಂದರೆ ಕೆಮ್ಮಲು ಶುರುಮಾಡುತ್ತದೆ. ನನಗೆ ಹೊಸದು ಬೇಕು, ಅದರಲ್ಲೂ ಎಬಿಎಸ್ ಇರುವುದು ಬೇಕು. ಬ್ರೇಕ್ ಜೋರಾಗಿ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದ ಹಾಗೆ ತಾನೇ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದಂತೆ. ಸ್ವಲ್ಪ ಹೆಚ್ಚು ಬೆಲೆ. ಅದನ್ನು ನಾನೇ ಕೊಡುತ್ತೇನೆ ಎಂದೆ. ಅಷ್ಟಕ್ಕೆ ನೀವು, "ಅದು ಯಾರಿಗೆ ಬೇಕು ಗೊತ್ತಾ? ಕೈ ಇಲ್ಲದೋರಿಗೆ!" ಅಂದು ಕುಕ್ಕಿದಿರಿ.

ಬೇರೆ ಅಂಗಡಿಯಲ್ಲಿ ಕೊಳ್ಳುವುದು ನನಗೇನೂ ಕಷ್ಟವಲ್ಲ. ಆದರೆ ನಮ್ಮೂರು ತೌಚೆಂಗಿನ ಬೀದಿಯಲ್ಲಿ "ವಾನ್‌ಜಿ ಮಗಳು ಅವನ ಹತ್ರಾನೇ ಗಾಡಿ ತಗೊಳ್ಳಲ್ಲವಂತೆ" ಅಂತ ಆಡಿಕೊಳ್ಳುವುದು ಬೇಡವೆಂದು ನಿಮ್ಮನ್ನೇ ಕೇಳುತ್ತಿದ್ದೇನೆ. ದಯವಿಟ್ಟು ತರಿಸಿಕೊಡಿ. ಅಮ್ಮನ ಕಾಲುನೋವಿಗೆ ಮುಲಾಮು ಕಳಿಸಿದ್ದೇನೆ, ತಲುಪಿತೇ?

ನಿಮ್ಮ ಮಗಳು, ಎರಡೂ ಕೈ ಇರುವವಳು,
ಪೇಜೆನ್


ಮಾರ್ಚ್ 17, ಗುರುವಾರ
ತೌಚೆಂಗ್

ಪೇಜೆನ್,

ಇದು ಗೋಡೆ ಕ್ಯಾಲೆಂಡರಿನ ನಿನ್ನೆಯ ಹಾಳೆಯ ಹಿಂಬದಿ. ಬೇರೆ ಕಾಗದ ಹುಡುಕಲು ನನಗೆ ಪುರುಸೊತ್ತಿಲ್ಲ. ಮುಲಾಮು ತಲುಪಿತು.

ನಿನ್ನ ಕಾಗದವನ್ನು ನಿನ್ನಮ್ಮ ಗಿರಾಕಿಗಳ ಎದುರಿಗೇ ಗಟ್ಟಿಯಾಗಿ ಓದಿದಳು. ಕೊನೆಯ ಸಾಲಿಗೆ ಮೀನು ಮಾರುವ ಆಲಿಯಾಂಗ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪನ ಮಾನ ಬೀದಿಗೆ ಬರಬಾರದು ಎನ್ನುವವಳು ಬರೆಯುವ ಕಾಗದವೇ ಇದು?

ಈಗ ಕೇಳು. ನೀನು ಹೇಳುವ ಗಾಡಿಯ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ ಇರುವುದು. ಬಲಗೈ ಕಡೆಯ ಆ ಮುಂದಿನ ಬ್ರೇಕನ್ನು ಮುಟ್ಟಲೇಬಾರದು ಎಂದು ನಿನಗೆ ಎಷ್ಟು ಸಲ ಹೇಳಿದ್ದೇನೆ? ಬಲಗೈ ಓಡಿಸಲು, ಎಡಗೈ ನಿಲ್ಲಿಸಲು. ಮುಟ್ಟಬಾರದ ಬ್ರೇಕಿಗೆ ಕಾವಲು ಇಡುವುದು, ಅದಕ್ಕೆ ಹೆಚ್ಚಿನ ದುಡ್ಡು ಬೇರೆ. ಲೈಸೆನ್ಸ್ ಪರೀಕ್ಷೆಯಲ್ಲಿ ಏನು ಮಾಡಿಸಿದರು? ಕಾಲು ಊರದೆ ಏಳು ಸೆಕೆಂಡು ಗೆರೆಯೊಳಗೆ ನಿಧಾನವಾಗಿ ಹೋಗು ಎಂದರು. ಮುಂದಿನ ಬ್ರೇಕ್ ಒತ್ತು ಎಂದು ಯಾರಾದರೂ ಕೇಳಿದರೇ? ಇಲ್ಲ. ಸರ್ಕಾರಕ್ಕೇ ಬೇಡವಾದದ್ದು ನಿನಗೆ ಬೇಕು.

ಅದರಲ್ಲಿ ತಂತಿ, ಸೆನ್ಸಾರು, ಕಂಪ್ಯೂಟರು ಎಲ್ಲ ಇದೆ. ನಿನ್ನ ಆ ಮಂಜಿನಲ್ಲಿ ಒಂದು ವರ್ಷಕ್ಕೇ ತುಕ್ಕು. ಕೆಟ್ಟರೆ ಬೆಟ್ಟದ ಮೇಲೆ ರಿಪೇರಿ ಮಾಡುವವರು ಯಾರು? ಹಳೆಯದನ್ನು ತಂದುಕೊಡು, ಎಂಜಿನ್ ಬಿಚ್ಚಿ ಹೊಸದರ ಹಾಗೆ ಮಾಡಿಕೊಡುತ್ತೇನೆ.

ನಿನ್ನಮ್ಮನನ್ನು ನೋಡಿಯೂ ನಿನಗೆ ಬುದ್ಧಿ ಬರಲಿಲ್ಲವಲ್ಲ ಎನ್ನುವುದೇ ನನ್ನ ಸಂಕಟ. ಮೀನು ಮಾರುಕಟ್ಟೆಯ ಮುಂದೆ, ಮಳೆಯಲ್ಲಿ, ರಸ್ತೆ ದಾಟುವ ಬಿಳಿ ಪಟ್ಟೆಯ ಮೇಲೆ ಮುಂದಿನ ಬ್ರೇಕ್ ಹಿಡಿದಳು, ಹಾರಿ ಬಿದ್ದಳು. ನೀನು ಆಗ ಒಂದನೇ ಕ್ಲಾಸು. ಅಂದಿನಿಂದ ಗಾಡಿ ಹತ್ತಿಲ್ಲ. ಬೈಕ್ ಅಂಗಡಿಯವನ ಹೆಂಡತಿ ಇಪ್ಪತ್ತು ವರ್ಷದಿಂದ ಮೀನು ತರಲು ಕುಂಟಿಕೊಂಡು ನಡೆಯುತ್ತಾಳೆ.

ಮಾಜು ದೇವಿಯ ಗುಡಿಯ ಹೊಸ ತಾಯತ ಇದರೊಳಗಿದೆ. ಹ್ಯಾಂಡಲಿಗೆ ಕಟ್ಟು.

ಅಪ್ಪ


ಏಪ್ರಿಲ್ 9, ಶನಿವಾರ
ನಾನ್‌ಶಾನ್

ಅಪ್ಪ,

ಬಿದ್ದೆ. ಎಡಗೈ ಮಣಿಕಟ್ಟು ಉಳುಕಿದೆ, ಮೊಣಕಾಲು ತರಚಿದೆ, ಮೂಳೆ ಯಾವುದೂ ಮುರಿದಿಲ್ಲ. ಅಮ್ಮನಿಗೆ ಮೊದಲು ಈ ಸಾಲನ್ನು ಓದಿ ಹೇಳಿ. ಉಳಿದದ್ದನ್ನು ನೀವೊಬ್ಬರೇ ಕೂತು ಓದಿ, ಆಲಿಯಾಂಗ್ ಚಿಕ್ಕಪ್ಪನಿಗೆ ಕೇಳಿಸುವುದು ಬೇಡ.

ಶಾಲೆಯ ಕೆಳಗಿನ ತಿರುವಿನಲ್ಲಿ ಎದುರಿಗೆ ಒಂದು ಟ್ರಕ್ ಅರ್ಧ ರಸ್ತೆ ನುಂಗಿಕೊಂಡು ಬಂತು. ನೀವು ಕಲಿಸಿದ್ದನ್ನೇ ಮಾಡಿದೆ. ಎಡಗೈಯಲ್ಲಿ ಹಿಂದಿನ ಬ್ರೇಕನ್ನು ಇದ್ದಬದ್ದ ಬಲವೆಲ್ಲ ಹಾಕಿ ಒತ್ತಿದೆ. ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಅಡ್ಡಡ್ಡ ತಿರುಗಿತು. ನಾನು ರಸ್ತೆಯ ಮೇಲೆ ಬಿದ್ದೆ, ಗಾಡಿ ಜಾರಿಕೊಂಡು ಹೋಗಿ ಟ್ರಕ್ಕಿನ ಚಕ್ರದ ಹತ್ತಿರ ನಿಂತಿತು. ಲಸಿಕೆಯ ಡಬ್ಬಿ ಒಡೆದು ಹೋಯಿತು. ಟ್ರಕ್ಕಿನವನು ಇಳಿದು ಬಂದು ನನ್ನನ್ನು ಎತ್ತುತ್ತಾ, "ಬ್ರೇಕ್ ಹಿಡಿಯೋಕ್ಕೂ ಬರಲ್ವೇನಮ್ಮಾ ನಿಂಗೆ?" ಅಂದ. ನಿಮ್ಮ ಮಗಳಿಗೆ ಈ ಮಾತು!

ನನ್ನ ಸಿಟ್ಟು ಇದಕ್ಕಲ್ಲ. ಇನ್ನೂ ಇದೆ.

ಗಾಡಿಯನ್ನು ಅಲ್ಲಿಂದ ಕೇಂದ್ರಕ್ಕೆ ತಂದವಳು ಚಿವಾಸ್. ನನ್ನ ಜೊತೆಗೆ ಕೆಲಸ ಮಾಡುವವಳು, ಇದೇ ಬೆಟ್ಟದಲ್ಲಿ ಹುಟ್ಟಿ ಬೆಳೆದವಳು. ಅಂಗಳಕ್ಕೆ ಬಂದವಳೇ ಹೆಲ್ಮೆಟ್ ಕಿತ್ತು ಕೂಗಾಡಿದಳು. "ಮುಂದಿನ ಬ್ರೇಕ್ ಏನು ಅಲಂಕಾರಕ್ಕೆ ಇಟ್ಕೊಂಡಿದೀಯೇನೇ? ಒತ್ತಿದ್ರೆ ಹಿಡಿಗೇ ಬಂದು ತಾಗುತ್ತೆ, ಗಾಡಿ ಮಾತ್ರ ಹೋಗ್ತಾನೇ ಇರುತ್ತೆ! ಇಳಿಜಾರಲ್ಲಿ ನನ್ ಕಥೆ ಮುಗೀತಿತ್ತು!"

ಬಿಚ್ಚಿಸಿ ನೋಡಿದೆವು. ಹಿಂದಿನ ಬ್ರೇಕ್ ಶೂ ಸವೆದು ಲೋಹ ಕಾಣುತ್ತಿದೆ. ಮುಂದಿನದು ಈಗ ತಾನೇ ಅಂಗಡಿಯಿಂದ ತಂದ ಹಾಗಿದೆ. ಅದರ ತಂತಿ ಸಡಿಲವಾಗಿದೆ. ತಾನಾಗಿ ಸಡಿಲವಾದದ್ದಲ್ಲ ಅಪ್ಪ. ಕೊನೆಯವರೆಗೂ ತಿರುಗಿಸಿ, ಮತ್ತೆ ಕದಲದಂತೆ ಎರಡನೇ ನಟ್ಟು ಹಾಕಿ ಬಿಗಿದದ್ದು. ಎರಡನೇ ನಟ್ಟು ಹಾಕುವವರು ತೌಚೆಂಗಿನಲ್ಲಿ ಒಬ್ಬರೇ ಇದ್ದಾರೆ.

ಇಷ್ಟು ವರ್ಷ ಒಂದೇ ಬ್ರೇಕಿನ ಗಾಡಿ ಓಡಿಸಿದ್ದೇನೆ. ನನಗೆ ಅದು ಗೊತ್ತೇ ಆಗಲಿಲ್ಲ, ಯಾಕೆಂದರೆ ಆ ಬ್ರೇಕನ್ನು ಒಂದು ಸಲವೂ ಮುಟ್ಟಿ ನೋಡಿದವಳಲ್ಲ ನಾನು. ನಿಮ್ಮ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ನನ್ನ ಮೇಲೂ ಇದೆ. ನನ್ನನ್ನು ಕೇಳದೆ, ಹೇಳದೆ ಹೇಗೆ ಮಾಡಿದಿರಿ?

ತಿಂಗಳ ಕೊನೆಯೊಳಗೆ ಎಬಿಎಸ್ ಗಾಡಿ ತರಿಸಿ. ಇಲ್ಲವಾದರೆ ನಾನು ಲೋದೊಂಗ್ ಪೇಟೆಯ ಅಂಗಡಿಗೆ ಹೋಗುತ್ತೇನೆ. ಬೀದಿಯವರು ಏನಾದರೂ ಅಂದುಕೊಳ್ಳಲಿ.

ಪೇಜೆನ್


ಏಪ್ರಿಲ್ 14, ಗುರುವಾರ
ತೌಚೆಂಗ್

ಪೇಜೆನ್,

ಹೌದು, ಸಡಿಲ ಮಾಡಿದ್ದು ನಾನೇ. ನಿನ್ನದು, ನಿನ್ನ ಅಣ್ಣನದು, ಆಲಿಯಾಂಗನ ಹೆಂಡತಿಯದು, ಈ ಬೀದಿಯಲ್ಲಿ ಯಾರ ಮಗಳು ಮೊದಲ ಗಾಡಿ ತೆಗೆದುಕೊಂಡರೂ ಅವಳದು. ಕದ್ದು ಮಾಡಿದ್ದಲ್ಲ. ಅಪ್ಪ ಅಮ್ಮಂದಿರೇ ಬಂದು, "ವಾನ್‌ಜಿ ಅಣ್ಣ, ಮುಂದಿಂದು ಸ್ವಲ್ಪ ನೋಡ್ಕೊಳ್ಳಿ" ಎನ್ನುತ್ತಾರೆ. ಹೊಸ ವರ್ಷಕ್ಕೆ ಕಿತ್ತಳೆ ತಂದುಕೊಡುತ್ತಾರೆ. ಬೈದು ಕಾಗದ ಬರೆದವಳು ನೀನೊಬ್ಬಳೇ.

ನೀನು ಜಾರಿದೆ, ಹಾರಲಿಲ್ಲ. ಜಾರಿದ್ದಕ್ಕೆ ಮೊಣಕಾಲು ತರಚಿತು, ಮಣಿಕಟ್ಟು ಉಳುಕಿತು. ಮುಂದಿನದನ್ನು ಹಿಡಿದು ಟ್ರಕ್ಕಿನ ಮೂತಿಗೆ ಹಾರಿದ್ದರೆ? ನಿನ್ನ ಕಾಗದ ಓದಿ ನನಗೆ ಅನ್ನಿಸಿದ್ದು, ಸದ್ಯ ಸಡಿಲ ಮಾಡಿದ್ದೆನಲ್ಲ ಎಂದು. ಸಿಟ್ಟು ಬರುತ್ತಿದೆಯೇ? ಬರಲಿ. ಸಿಟ್ಟು ಬರಲು ನೀನು ಇದ್ದೀಯಲ್ಲ, ನನಗೆ ಅಷ್ಟು ಸಾಕು.

ಆವತ್ತು ಮಾರುಕಟ್ಟೆಯ ಮುಂದೆ ಓಡಿ ಹೋದವನು ನಾನು. ಮೀನುಗಳು ರಸ್ತೆಯ ತುಂಬಾ ಬಿದ್ದಿದ್ದವು. ಅವುಗಳ ನಡುವೆ ಮಂಡಿಯೂರಿ ನಿನ್ನಮ್ಮನ ಹಲ್ಲು ಹುಡುಕಿ ಕರವಸ್ತ್ರದಲ್ಲಿ ಕಟ್ಟಿಕೊಂಡೆ, ಡಾಕ್ಟರು ಮತ್ತೆ ಕೂರಿಸುತ್ತಾರೇನೋ ಎಂದು. ಅವರು ನೋಡಿ ತಲೆಯಾಡಿಸಿದರು. ಅದಾದಮೇಲೆ ಯಾರಾದರೂ ಮುಂದಿನ ಬ್ರೇಕಿಗೆ ಕೈ ಹಾಕಿದ್ದನ್ನು ನೋಡಿದರೆ ಮುಖ ತಿರುಗಿಸಿಕೊಳ್ಳುತ್ತೇನೆ. ನನಗೆ ಭಯ. ಬರೆದೆ, ಸಾಕೇ?

ಲೋದೊಂಗಿನಲ್ಲಿ ಕೊಂಡರೆ ಅಂಗಡಿಯ ಷಟರ್ ಎಳೆದು ಮಲಗಿಬಿಡುತ್ತೇನೆ. ಕೈಗೆ ಬಿಸಿನೀರಿನ ಶಾಖ ಕೊಡು. ನರ್ಸಿಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ.

ಅಪ್ಪ


ಮೇ 2, ಸೋಮವಾರ
ತೌಚೆಂಗ್

ಮಗಳೇ,

ನಿಮ್ಮಪ್ಪ ಮಧ್ಯಾಹ್ನದ ನಿದ್ದೆಯಲ್ಲಿದ್ದಾರೆ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಮಣಿಕಟ್ಟು ಹೇಗಿದೆ? ಭಾರ ಎತ್ತಬೇಡ. ಒಣಮೀನು ಕಳಿಸಿದ್ದೇನೆ, ಆ ಚಿವಾಸ್ ಹುಡುಗಿಗೂ ಕೊಡು.

ನಿನ್ನ ಗಾಡಿ ಬಂದು ಹತ್ತು ದಿನದ ಮೇಲಾಯಿತು. ಎಬಿಎಸ್ ಇರುವುದೇ. ಅಂಗಡಿಯ ಒಳಗೆ ಪ್ಲಾಸ್ಟಿಕ್ ಹೊದಿಸಿ ನಿಲ್ಲಿಸಿದ್ದಾರೆ. ಕಳಿಸಿಕೊಡಿ ಎಂದರೆ ಹೋಗಿ ಕ್ಯಾಲೆಂಡರ್ ನೋಡುತ್ತಾರೆ. ಒಂದು ದಿನ ವಾಹನಕ್ಕೆ ಒಳ್ಳೆಯದಲ್ಲವಂತೆ, ಇನ್ನೊಂದು ದಿನ ಪ್ರಯಾಣಕ್ಕೆ ಒಳ್ಳೆಯದಲ್ಲವಂತೆ. ಎರಡಕ್ಕೂ ಒಳ್ಳೆಯದು ಎಂದು ಬರೆದಿದ್ದ ದಿನ ನನಗಿಂತ ಮೊದಲೇ ಎದ್ದು ಆ ಹಾಳೆಯನ್ನು ಹರಿದು ಕಿಸೆಗೆ ಹಾಕಿಕೊಂಡಿದ್ದರು. ಅಂಗಿ ಒಗೆಯುವಾಗ ಸಿಕ್ಕಿತು.

ಮೊನ್ನೆ ನೋಡುತ್ತೇನೆ, ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಚಕ್ರವನ್ನೇ ದಿಟ್ಟಿಸುತ್ತಿದ್ದಾರೆ.

"ಏನ್ ಹುಡುಕ್ತಿದ್ದೀರಿ?" ಎಂದೆ.

"ಇದರಲ್ಲಿ ತಂತಿ ಇಲ್ಲ ಕಣೇ. ಎಲ್ಲಾ ಎಣ್ಣೆ ಒತ್ತಡ. ಸಡಿಲ ಮಾಡೋಕ್ಕೆ ಜಾಗಾನೇ ಇಲ್ಲ."

ನನಗೆ ರೇಗಿಹೋಯಿತು ಮಗಳೇ. ಕೈಯಲ್ಲಿದ್ದ ಚಹಾದ ತಟ್ಟೆಯನ್ನು ಪಕ್ಕದಲ್ಲಿದ್ದ ಹಳೇ ಟಯರಿನ ಮೇಲೆ ಇಟ್ಟೆ, ಇಟ್ಟೆ ಎಂದರೆ ಎಸೆದೆ. "ಆವತ್ತು ನಾನು ಯಾವ ಬ್ರೇಕ್ ಹಿಡ್ದೆ ಅಂತ ನಿಮಗೆ ಹೇಳಿದ್ದು ಯಾರು?"

"ಯಾರು ಹೇಳ್ಬೇಕು? ಬಿದ್ದಿದ್ದು ನೋಡಿದ್ರೆ ಗೊತ್ತಾಗಲ್ವಾ?"

"ಬಿದ್ದಮೇಲೆ ಬಂದೋರು ನೀವು. ನನ್ನ ಒಂದು ದಿನ ಕೇಳಿದ್ರಾ?"

ಅವರು ನಾನು ಎಸೆದ ತಟ್ಟೆಯನ್ನು ಎತ್ತಿ ಬದಿಗಿಟ್ಟರು. ನಿಜ ಹೇಳುತ್ತೇನೆ, ಯಾವ ಬ್ರೇಕ್ ಹಿಡಿದೆನೋ ನನಗೆ ನೆನಪಿಲ್ಲ. ಕಾಲಿನ ಹತ್ತಿರ ಮೀನಿನ ಚೀಲ ಇತ್ತು, ಅದು ಜಾರುತ್ತಿದೆ ಅಂದುಕೊಂಡೆ, ಆಮೇಲೆ ಕಣ್ಣು ಬಿಟ್ಟಾಗ ಆಸ್ಪತ್ರೆಯ ಛಾವಣಿ. ಹಿಂದಿನದೋ, ಮುಂದಿನದೋ, ಯಾವುದನ್ನೂ ಹಿಡಿಯಲಿಲ್ಲವೋ. ನಾನು ಕಣ್ಣು ಬಿಡುವ ಹೊತ್ತಿಗೆ ನಿಮ್ಮಪ್ಪ ಊರಿಗೆಲ್ಲ ಹೇಳಿ ಮುಗಿಸಿದ್ದರು. ಅದೇ ಕತೆಯನ್ನು ಇಪ್ಪತ್ತು ವರ್ಷ ಗಿರಾಕಿಗಳಿಗೆ ಹೇಳಿದರು. ನಾನು ಪಕ್ಕದಲ್ಲಿ ನಿಂತು ಅವರಿಗೆ ಚಹಾ ಬಗ್ಗಿಸಿದೆ. ಹೇಳಿ ಹೇಳಿ ಅವರ ಹೆದರಿಕೆ ಕಡಿಮೆಯಾಗುತ್ತದೇನೋ ಎಂದುಕೊಂಡಿದ್ದೆ. ಆಗಲಿಲ್ಲ, ನಿನ್ನ ಗಾಡಿಗೂ ಅಂಟಿತು.

ರಾತ್ರಿ ಊಟ ಬಿಡಲಿಲ್ಲ, ಮಾಡಿದರು. ಮೀನಿಗೆ ಸೋಯಾ ಸಾಸ್ ಹಾಕಿಕೊಳ್ಳುವುದನ್ನು ಮರೆತಿದ್ದರು. ನಾನೂ ನೆನಪಿಸಲಿಲ್ಲ.

ಅಮ್ಮ


ಮೇ 15, ಭಾನುವಾರ
ನಾನ್‌ಶಾನ್

ಅಪ್ಪ,

ಅಮ್ಮ ಎಲ್ಲ ಬರೆದಿದ್ದಾಳೆ. ಗಾಡಿ ಬಂದಿದೆ ಎಂದು ಗೊತ್ತು. ಇನ್ನು ಅದನ್ನು ಕಳಿಸಬೇಕಾಗಿಲ್ಲ. ಯಾಕೆಂದು ಹೇಳುತ್ತೇನೆ.

ಇವತ್ತು ಲೋದೊಂಗಿಗೆ ಹೋಗಿದ್ದೆ. ಗಾಡಿ ಕೊಳ್ಳಲು ಅಲ್ಲ, ಹೆದರಬೇಡಿ. ಅಲ್ಲಿ ಒಂದು ಮೈದಾನದಲ್ಲಿ ಬ್ರೇಕ್ ಹಿಡಿಯುವುದನ್ನು ಕಲಿಸುತ್ತಾರೆ ಎಂದು ಚಿವಾಸ್ ಎಳೆದುಕೊಂಡು ಹೋದಳು. ಅವರದೇ ಗಾಡಿ, ಅದರಲ್ಲೂ ಮುಂದಿನ ಚಕ್ರಕ್ಕೆ ಎಬಿಎಸ್ ಇದೆ. ನೆಲಕ್ಕೆ ನೀರು ಬಿಟ್ಟಿದ್ದರು. ಓಡಿಸಿಕೊಂಡು ಬಂದು, ಕೆಂಪು ಬಾವುಟ ಬಿದ್ದ ತಕ್ಷಣ ಎರಡೂ ಬ್ರೇಕ್ ಒತ್ತಬೇಕು, ಅಷ್ಟೇ. ಕಲಿಸುವವನು ಓಡಿ ಓಡಿ ಕೂಗುತ್ತಿದ್ದ. "ಮುಂದಿಂದು ಒತ್ತಿ! ಕೈಯಡಿ ಗಡಗಡ ಅನ್ನೋವರೆಗೂ ಒತ್ತಿ, ಬೀಳಲ್ಲ!"

ನನ್ನ ಬಲಗೈ ಬಿಚ್ಚಲೇ ಇಲ್ಲ ಅಪ್ಪ. ಬಾವುಟ ಬಿದ್ದಾಗಲೆಲ್ಲ ಎಡಗೈ ಒತ್ತುತ್ತದೆ, ಹಿಂದಿನ ಚಕ್ರ ಜಾರುತ್ತದೆ, ಬಲಗೈ ಹಿಡಿಯನ್ನು ಹಿಂಡಿಕೊಂಡು ಕೂತಿರುತ್ತದೆ. ಈ ಸಲ ಒತ್ತುತ್ತೇನೆ ಎಂದು ಬಾಯಲ್ಲಿ ಹೇಳಿಕೊಂಡು ಬಂದೆ, ಆಗಲಿಲ್ಲ. ಬೆರಳುಗಳನ್ನು ಮೊದಲೇ ಲಿವರಿನ ಮೇಲೆ ಇಟ್ಟುಕೊಂಡು ಬಂದೆ, ಬಾವುಟ ಬೀಳುತ್ತಲೇ ಅವು ತಾವಾಗಿ ಎದ್ದುಹೋದವು. ಈರುಳ್ಳಿಸೊಪ್ಪು ಬೆಳೆಯುವ ಒಬ್ಬ ಅಜ್ಜಿ ಬಂದಿದ್ದಳು, ಎರಡನೇ ಸಲಕ್ಕೆ ಕಲಿತು, "ಅಯ್ಯೋ, ಇಷ್ಟೇನಾ!" ಎಂದು ನಕ್ಕಳು. ನಾನು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಅತ್ತೆ.

ಎಬಿಎಸ್ ಬೇಕೋ ಬೇಡವೋ ಎಂದು ಎರಡು ತಿಂಗಳು ಕಿತ್ತಾಡಿದೆವಲ್ಲ, ಎಂಥ ಮೂರ್ಖರು ನಾವು! ಒತ್ತುವ ಕೈಗೆ ಅದು ಬೇಕು. ನನ್ನಂಥವಳ ಗಾಡಿಯಲ್ಲಿ ಅದು ಇದ್ದರೂ ಒಂದೇ, ಬಿಟ್ಟರೂ ಒಂದೇ. ನೀವು ಹೇಳಿದ್ದೇ ಸರಿಯಾಯಿತು, ಖುಷಿಪಡಿ.

ಹಳೇ ಗಾಡಿಯ ತಂತಿಯನ್ನು ಚಿವಾಸ್ ಬಿಗಿಯಾಗಿ ಎಳೆದು ಕಟ್ಟಿದಳು, ಹತ್ತು ನಿಮಿಷವೂ ಆಗಲಿಲ್ಲ. ನನ್ನೊಳಗೆ ಸಡಿಲ ಮಾಡಿ ಇಟ್ಟಿದ್ದೀರಲ್ಲ, ಆ ನಟ್ಟು ಎಲ್ಲಿದೆ? ಇಟ್ಟವರು ನೀವೇ, ನೀವೇ ಹೇಳಿ. ನಾಳೆ ಬೆಳಿಗ್ಗೆ ನಾನು ಮತ್ತೆ ಆ ತಿರುವಿನಲ್ಲೇ ಇಳಿಯಬೇಕು.

ಪೇಜೆನ್


ಮೇ 24, ಮಂಗಳವಾರ
ತೌಚೆಂಗ್

ಪೇಜೆನ್,

ನಾನು ಹೇಳಿದ್ದು ಸರಿಯಾಯಿತು ಎಂದು ನೀನು ಬರೆದ ಸಾಲನ್ನು ಓದಿ ನನಗೆ ಖುಷಿಯಾಗಲಿಲ್ಲ. ಇಂಥ ಗೆಲುವು ನನ್ನ ಶತ್ರುವಿಗೂ ಬೇಡ.

ಭಾನುವಾರ ಮೀನು ಮಾರುಕಟ್ಟೆ ಮುಚ್ಚಿ, ಅಂಗಳ ತೊಳೆದಮೇಲೆ ನಿನ್ನ ಗಾಡಿಯನ್ನು ಅಲ್ಲಿಗೆ ತೆಗೆದುಕೊಂಡು ಹೋದೆ. ನೀನು ಮಾಡಲಾಗದ್ದನ್ನು ನಾನು ಮಾಡಿ, ಹೇಗೆಂದು ನಿನಗೆ ಬರೆದು ಕಳಿಸಬೇಕೆಂದು. ನಲವತ್ತು ವರ್ಷದಿಂದ ಬ್ರೇಕ್ ರಿಪೇರಿ ಮಾಡುತ್ತಿರುವವನು ನಾನು, ನನಗೇನು ಎಂದುಕೊಂಡೆ.

ನನಗೂ ಆಗಲಿಲ್ಲ. ಬೆರಳು ಅಂಟು ಹಾಕಿದ ಹಾಗೆ ಕೂತಿದ್ದವು. ಎಡಗೈ ಮಾತ್ರ ತನ್ನ ಕೆಲಸ ಮಾಡುತ್ತಿತ್ತು. ಬಲೆ ಒಣಗಿಸುತ್ತಿದ್ದ ಹುಡುಗರು ಗಾಡಿ ಜಾರಿದಾಗಲೆಲ್ಲ ಸಿಳ್ಳೆ ಹಾಕಿದರು. "ವಾನ್‌ಜಿ ಮಾವ, ಲೈಸೆನ್ಸ್ ಇದೆಯಾ?" ಎಂದು ಒಬ್ಬ. ನಾನು ಬಾಯಿಗೆ ಬಂದಂತೆ ಬೈದೆ. ಅವರಿಗೋ, ಗಾಡಿಗೋ, ನನಗೋ ಗೊತ್ತಿಲ್ಲ.

ಅಷ್ಟರಲ್ಲಿ ನಿನ್ನಮ್ಮ ಬಂದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಕೈಯಲ್ಲಿದ್ದ ಬುಟ್ಟಿಯನ್ನು ಆಲಿಯಾಂಗನಿಗೆ ಕೊಟ್ಟಳು, ಕುಂಟಿಕೊಂಡು ನೇರ ಬಂದು, ನನ್ನ ಹೆಗಲು ಹಿಡಿದು ಹಿಂದೆ ಹತ್ತಿ ಕೂತಳು.

"ಇಳಿಯೇ, ಹುಚ್ಚು ಹಿಡಿದಿದೆಯಾ ನಿನಗೆ?" ಎಂದೆ.

"ನಡೀರಿ."

"ನೆಲ ಒದ್ದೆ ಇದೆ!"

"ಒದ್ದೆ ಇರೋದಕ್ಕೇ ತಾನೇ ಬಂದಿರೋದು? ನಡೀರಿ. ಆ ಬಿಳಿ ಪಟ್ಟೆ ಕಡೆಗೇ ಹೋಗಿ."

ಹೋದೆ. ಬೇರೆ ಏನು ಮಾಡಲಿ? ಅಂಗಳದ ನೀರು ರಸ್ತೆಗೆ ಹರಿದು ಒದ್ದೆಯಾಗಿದ್ದ ಆ ಪಟ್ಟೆಯ ಹತ್ತಿರ ಬಂದಾಗ ಅವಳು ಹಿಂದಿನಿಂದ ಕೈ ಚಾಚಿ ನನ್ನ ಬಲಗೈಯ ಮೇಲೆ ಇಟ್ಟಳು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲಿವರಿನ ಮೇಲೆ ಕೂರಿಸಿ, ಮೇಲಿನಿಂದ ತಾನೇ ಒತ್ತಿದಳು. ಮೀನು ಹೆಚ್ಚುವ ಕೈ, ಬಲ ಇದೆ. ಲಿವರ್ ಕೈಯಡಿ ಗಡಗಡ ನಡುಗಿತು. ಗಾಡಿ ಪಟ್ಟೆಯ ಮೇಲೆ ನೇರವಾಗಿ ನಿಂತಿತು. ಅವಳ ಗಲ್ಲ ಬಂದು ನನ್ನ ಬೆನ್ನಿಗೆ ತಾಗಿತು.

ನಾನು ತಿರುಗಿ ನೋಡಿದೆ. "ಹಲ್ಲು ಸರಿ ಇದ್ಯಾ?" ಎಂದೆ.

"ಕಟ್ಟಿಸಿದ ಹಲ್ಲು, ನಿಮ್ಮ ತಲೆಗಿಂತ ಗಟ್ಟಿ ಇದೆ. ಇನ್ನೊಂದ್ ಸಲ ನಡೀರಿ," ಎಂದಳು.

ಕತ್ತಲಾಗುವವರೆಗೂ ಮಾಡಿದೆವು. ಹುಡುಗರು ಸಿಳ್ಳೆ ನಿಲ್ಲಿಸಿದರು. ಎಬಿಎಸ್ ಕೊಟ್ಟ ದುಡ್ಡಿಗೆ ತಕ್ಕದ್ದೇ. ಬರೆದುಕೊಟ್ಟಿದ್ದೇನೆ, ಆಲಿಯಾಂಗನಿಗೆ ತೋರಿಸಬೇಡ. ನಿನ್ನೆಯಿಂದ ನಮ್ಮ ಬೀದಿಯ ಗಾಡಿಗಳನ್ನು ಒಂದೊಂದಾಗಿ ಕರೆಸಿ ಮುಂದಿನ ತಂತಿ ಬಿಗಿಯುತ್ತಿದ್ದೇನೆ. ಯಾಕೆ ಎಂದು ಕೇಳಿದವರಿಗೆ ಏನು ಹೇಳುವುದೋ ತಿಳಿಯದೆ ಅವರ ಮೇಲೇ ರೇಗುತ್ತಿದ್ದೇನೆ.

ನಿನ್ನೊಳಗಿನ ನಟ್ಟು ಎಲ್ಲಿದೆಯೋ ನನಗೆ ಗೊತ್ತಿಲ್ಲ ಮಗಳೇ. ನನ್ನದೇ ಇನ್ನೂ ಪೂರ್ತಿ ಸಿಕ್ಕಿಲ್ಲ. ನೀನು ಈ ಭಾನುವಾರ ಬಸ್ಸಿನಲ್ಲಿ ಬಾ, ಅಲ್ಲಿಯವರೆಗೆ ಆ ತಿರುವಿನಲ್ಲಿ ಗಾಡಿಯಿಂದ ಇಳಿದು ತಳ್ಳಿಕೊಂಡು ಹೋಗು, ಯಾರು ನಕ್ಕರೂ ಪರವಾಗಿಲ್ಲ. ಮಾರುಕಟ್ಟೆಯ ಅಂಗಳಕ್ಕೆ ನೀರು ಬಿಡಲು ಹುಡುಗರಿಗೆ ಹೇಳಿದ್ದೇನೆ. ನಿನ್ನ ಹಿಂದೆ ನಾನು ಕೂರುತ್ತೇನೆ ಎಂದೆ. ನಿನ್ನಮ್ಮ ಕೇಳಲಿಲ್ಲ. "ನಿಮ್ಮ ಕೈಗೇ ಇನ್ನೂ ನೆಟ್ಟಗೆ ಬರಲ್ಲ. ನನ್ನ ಮಗಳ ಹಿಂದೆ ನಾನೇ ಕೂರೋದು," ಎಂದು ಹೇಳಿ, ಈಗ ಹೆಲ್ಮೆಟ್ ಅಳತೆ ನೋಡುತ್ತಿದ್ದಾಳೆ.

ಅಪ್ಪ